ಆಯೇರಿಯಲ್ಲಿ ಹೋದ ಸೀರೆ

ಆ ಸೀರೆಯ ಬೆಲೆಯನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯವರಿಗೆ ಅರ್ಧ ಹೇಳಿದ್ದೆ. ಅಷ್ಟಕ್ಕೇ ಅವರು ಚಹಾದ ಬಸಿಯನ್ನು ಕೆಳಗಿಟ್ಟು ನನ್ನ ಮುಖವನ್ನು ಹೊಸದಾಗಿ ಪರಿಚಯವಾದವರಂತೆ ನೋಡಿದರು. ಅತ್ತೆಯವರಿಗೆ ಕಾಲು ಭಾಗ ಹೇಳುವ ಧೈರ್ಯವೂ ಬರಲಿಲ್ಲ. ಹೇಳಿದ್ದರೆ ಮುಂದಿನದೇನೂ ಆಗುತ್ತಲೇ ಇರಲಿಲ್ಲ.

ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಡಿಸೈನರ್ ಬಟ್ಟೆ ಎಂದರೆ ಮೊದಲಿನಿಂದಲೂ ನನಗೆ ಒಂದು ಬಗೆಯ ತಾತ್ಸಾರ. ‘ಮೈ ಮುಚ್ಚಲು ಅಷ್ಟೊಂದು ದುಡ್ಡೇ?’ ಎಂದು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಭಾಷಣ ಮಾಡಿದ್ದೇನೋ. ಅಂಥ ಬಟ್ಟೆಯನ್ನು ಒಮ್ಮೆಯೂ ಕೈಯಲ್ಲಿ ಮುಟ್ಟದಿದ್ದದ್ದರಿಂದ ಭಾಷಣಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಡಿಸೈನರ್ ಇರಲಿ, ಸಾಧಾರಣ ಸೀರೆ ಕೊಳ್ಳುವ ಪ್ರಸಂಗವೂ ನನಗೆ ಬಂದಿರಲಿಲ್ಲ. ನಮ್ಮ ಕಡೆ ಹೆಂಗಸರು ಸೀರೆ ಕೊಳ್ಳುವುದಿಲ್ಲ. ಸೀರೆಗಳು ತಾವಾಗಿಯೇ ಬರುತ್ತವೆ.

ಅದಕ್ಕೆ ಆಯೇರಿ ಎನ್ನುತ್ತಾರೆ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಹೊಸ ಮನೆಯ ವಾಸ್ತುಶಾಂತಿ, ಏನೇ ಇರಲಿ, ಬಂದ ಬೀಗರಿಗೆ ಕುಂಕುಮ ಹಚ್ಚಿ ಬಟ್ಟೆ ಕೊಡಬೇಕು. ಅವರ ಮನೆಯ ಕಾರ್ಯಕ್ಕೆ ಹೋದಾಗ ನಮಗೂ ಅದೇ ಮರ್ಯಾದೆ. ಮದುವೆಯ ಬಟ್ಟೆ ತರಲು ಇಡೀ ಮನೆ ಸೋಲಾಪುರಕ್ಕೆ ಹೋಗುತ್ತದೆ. ‘ಬಸ್ತಾ’ ಎಂದು ಕರೆಯುವ ಆ ಖರೀದಿಯಲ್ಲಿ ಮದುಮಗಳ ಸೀರೆಗೆ ಅರ್ಧ ದಿನ ಬೇಕು. ಉಳಿದ ಹೆಂಗಸರ ಸೀರೆಗಳು ಚಹಾ ಕುಡಿದು ಮುಗಿಯುವುದರೊಳಗೆ ಡಜನ್ ಲೆಕ್ಕದಲ್ಲಿ ಗಂಟು ಸೇರುತ್ತವೆ. ಯಾವುದು ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಒಂದೇ ನಿಯಮ: ಹೊಳೆಯಬೇಕು, ಮತ್ತು ಒಳಗಿನದು ಕಾಣುವಂಥ ಡಬ್ಬಿಯಲ್ಲಿರಬೇಕು.

ಹೀಗೆ ಬಂದ ಸೀರೆಗಳನ್ನು ಎಲ್ಲರೂ ಉಡುತ್ತಾರೆಂದು ತಿಳಿಯಬೇಡಿ. ಬಹುಪಾಲು ಮುಂದಕ್ಕೆ ಹೊರಡುತ್ತವೆ. ಒಮ್ಮೆ ಇಂಡಿ ಪಟ್ಟಣದ ಗೆಳತಿಯೊಬ್ಬಳ ವಾಸ್ತುಶಾಂತಿಗೆ ನಾನೊಂದು ಗಿಳಿಹಸಿರು ಸೀರೆ ಕೊಟ್ಟಿದ್ದೆ. ಅದು ಮುದ್ದೇಬಿಹಾಳದ ಮದುವೆಯೊಂದನ್ನು ಕಂಡು, ಬಸವನ ಬಾಗೇವಾಡಿಯ ಕುಬಸವೊಂದನ್ನು ಮುಗಿಸಿಕೊಂಡು, ಕೊನೆಗೆ ನಮ್ಮ ಅತ್ತೆಯ ಕೈಗೆ ಆಯೇರಿಯಾಗಿ ಬಂತು. ಡಬ್ಬಿಯ ಮೂಲೆಯಲ್ಲಿ ನನ್ನ ಕೆಂಪು ಪೆನ್ನಿನ ಕಲೆ ಹಾಗೆಯೇ ಇತ್ತು. ನಾಲ್ಕು ತಾಲೂಕು ಸುತ್ತಿ ಬಂದವಳನ್ನು ಮತ್ತೆ ಹೊರಗೆ ಕಳಿಸಲು ಮನಸ್ಸಾಗದೆ ಕಪಾಟಿನಲ್ಲಿ ಜಾಗ ಕೊಟ್ಟೆ. ಗಂಡಸರ ಪಾಡೂ ಬೇರೆಯಲ್ಲ. ನಮ್ಮ ಮನೆಯವರ ಟ್ರಂಕಿನಲ್ಲಿ ಹೊಲಿಸದ ಪ್ಯಾಂಟ್ ಪೀಸುಗಳು ಎಷ್ಟಿವೆಯೆಂದರೆ ಊರಿಗೆಲ್ಲ ಸಮವಸ್ತ್ರ ಹೊಲಿಸಬಹುದು.

ಬಟ್ಟೆ ಕೊಟ್ಟು ಗೌರವಿಸುವುದು ನಮ್ಮ ಜಿಲ್ಲೆಯ ಹಳೆಯ ಚಟ. ವಿಜಯಪುರದ ಬಾದಶಹರು ಯಾರನ್ನಾದರೂ ಮೆಚ್ಚಿದರೆ ದರ್ಬಾರಿನಲ್ಲಿ ನಿಲುವಂಗಿ ತೊಡಿಸುತ್ತಿದ್ದರು. ಅದಕ್ಕೆ ಖಿಲ್ಲತ್ತು ಎಂದು ಹೆಸರು. ಬಾದಶಹರಿಗೂ ಮೊದಲೇ ನಮ್ಮ ಭಾಷೆ ಉಡುಗೊರೆ ಎಂಬ ಮಾತಿನೊಳಗೆ ಉಡುವುದನ್ನು ಸೇರಿಸಿಟ್ಟಿತ್ತು. ಪಾಠ ಮಾಡುವಾಗ ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಆ ದರ್ಬಾರಿನಲ್ಲಿ ಒಂದು ಅನುಕೂಲವಿತ್ತು. ಅಂಗಿ ತೊಡುವವನು ಎದುರಿಗೆ ನಿಂತಿರುತ್ತಿದ್ದ. ನಮ್ಮ ಬಸ್ತಾದಲ್ಲಿ ಆ ಏರ್ಪಾಡಿಲ್ಲ.

ಕಳೆದ ವರ್ಷ ಮಗಳು ಮೇಘಾಳ ಮದುವೆ ಗೊತ್ತಾಯಿತು. ವರ ಮುದ್ದೇಬಿಹಾಳದವನು. ಒಂದು ಭಾನುವಾರ ನನ್ನ ಕಪಾಟು ತೆರೆದು ನಿಂತ ಅವಳು, “ಅವ್ವಾ, ಇದ್ರಾಗ ನೀ ಆರಿಸಿ ತಂದದ್ದು ಯಾವುದೈತಿ?” ಎಂದು ಕೇಳಿದಳು. ನಾನು ಬಹಳ ಹೊತ್ತು ನೋಡಿದೆ. ಒಂದೂ ಇರಲಿಲ್ಲ. “ನನ್ನ ಮದವಿ ದಿನ ಸಂಜೀಕರೆ ನಿನಗ ಬೇಕಾದ್ದು ಉಡು,” ಎಂದು ನನ್ನನ್ನು ವಿಜಯಪುರಕ್ಕೆ ಎಳೆದುಕೊಂಡು ಹೋದಳು.

ಅಲ್ಲಿ ಬಸವನ ಬಾಗೇವಾಡಿಯ ಹುಡುಗಿಯೊಬ್ಬಳು ಮಹಡಿಯ ಮೇಲೆ ಸಣ್ಣದೊಂದು ಅಂಗಡಿ ಇಟ್ಟಿದ್ದಾಳೆ. ಸೀರೆಯ ನಕ್ಷೆ ಅವಳದು, ಬಣ್ಣ ಅವಳದು. ನೇಯಿಸುವುದು, ಕಸೂತಿ ಹಾಕಿಸುವುದು ಎಲ್ಲ ಅವಳ ಮುತುವರ್ಜಿ. ಒಳಗೆ ಹೋದ ಕೂಡಲೇ ಎದುರಿಗೆ ಸೀರೆಗಳ ಗುಡ್ಡ ಬೀಳುತ್ತದೆಂದು ಕಾದು ಕುಳಿತೆ. ಅವಳು ಒಂದನ್ನೂ ಬಿಚ್ಚಲಿಲ್ಲ. ನನ್ನನ್ನು ನೋಡುತ್ತ ಕುಳಿತಳು. ದಿನವಿಡೀ ನಿಂತು ಪಾಠ ಮಾಡುತ್ತೀರಾ, ಸೆರಗು ಹೊದೆಯುತ್ತೀರೋ ಪಿನ್ನು ಹಾಕುತ್ತೀರೋ, ಸೀರೆ ಭಾರವಾದರೆ ಹೆಗಲು ನೋಯುತ್ತದೆಯೇ ಎಂದು ವೈದ್ಯರಂತೆ ವಿಚಾರಿಸಿದಳು. ಆಮೇಲೆ ಮೂರೇ ಸೀರೆ ತಂದು ಮುಂದಿಟ್ಟು, “ಅವಸರ ಇಲ್ರಿ, ನೀವ ಆರಿಸ್ರಿ,” ಎಂದು ಪಕ್ಕಕ್ಕೆ ಸರಿದಳು.

ಮೂರನೆಯದನ್ನು ಮುಟ್ಟಿದವಳು ಕೈ ತೆಗೆಯಲಿಲ್ಲ. ಮಳೆ ಬಿದ್ದ ಮರುದಿನ ನಮ್ಮ ಎರೆಹೊಲ ಇರುತ್ತದಲ್ಲ, ಆ ಬಣ್ಣ. ಅಂಚಿಗೆ ಕುಸುಬಿ ಹೂವಿನ ಕೆಂಪು ಬೆರೆತ ಹಳದಿ, ಬೆರಳಗಲಕ್ಕಿಂತ ಕಡಿಮೆ. ಜರಿಯ ಒಂದು ಎಳೆಯೂ ಇಲ್ಲ. ಸೆರಗಿನಲ್ಲಿ ಸಣ್ಣ ಸಣ್ಣ ಕಸೂತಿ ಗೋಪುರಗಳು; ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಗಂಟಿಲ್ಲ, ಜೋತ ದಾರವಿಲ್ಲ, ಅವೇ ಗೋಪುರಗಳು ಅಷ್ಟೇ ಅಚ್ಚುಕಟ್ಟಾಗಿ ನಿಂತಿವೆ. ಯಾರೂ ನೋಡದ ಬದಿಗೂ ಇಷ್ಟು ಕಣ್ಣು ದಣಿಸಿದವರ ಬಗ್ಗೆ ನನಗೆ ಮೆಚ್ಚುಗೆ ತಡೆಯಲಾಗಲಿಲ್ಲ. ಉಟ್ಟುಕೊಂಡು ಕನ್ನಡಿಯ ಮುಂದೆ ನಿಂತೆ. ನೆರಿಗೆಗಳು ಹೇಳಿದ ಮಾತು ಕೇಳಿದವು. ಆ ಗಳಿಗೆಯಲ್ಲಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ, ನಾನು ಚೆನ್ನಾಗಿ ಕಾಣುತ್ತಿದ್ದೆ. ಬೆಲೆ ಕೇಳಿದ ಮೇಲೂ ಚೆನ್ನಾಗಿಯೇ ಕಾಣುತ್ತಿದ್ದೆ, ಸ್ವಲ್ಪ ಬೆವರಿದ್ದೆ ಅಷ್ಟೇ. ಸ್ಟಾಫ್ ರೂಮಿನ ಭಾಷಣಗಳೆಲ್ಲ ಒಂದೊಂದಾಗಿ ನೆನಪಾದವು. ಅವುಗಳನ್ನು ಅಲ್ಲೇ ಬಿಟ್ಟು, ದುಡ್ಡು ಕೊಟ್ಟು, ಸೀರೆ ತೆಗೆದುಕೊಂಡೆ. ಆ ಹುಡುಗಿ ಅದನ್ನು ಡಬ್ಬಿಯಲ್ಲಿ ಹಾಕಲಿಲ್ಲ. ಮಡಚಿ, ಒಂದು ಖಾಕಿ ಬಟ್ಟೆಯ ಚೀಲದಲ್ಲಿಟ್ಟು ಕೊಟ್ಟಳು.

ಮದುವೆ ನಮ್ಮ ಸಿಂದಗಿಯಲ್ಲೇ. ಮಧ್ಯಾಹ್ನ ಅಕ್ಷತೆ ಬಿದ್ದು, ಊಟವಾಗಿ, ಆಯೇರಿ ಹಂಚಿ ಮುಗಿಯಿತು. ಸಂಜೆಯ ಆರತಕ್ಷತೆಗೆ ತಯಾರಾಗಲು ಮನೆಗೆ ಬಂದು ಕಪಾಟು ತೆರೆದರೆ ಖಾಕಿ ಚೀಲವಿಲ್ಲ. ಮನೆಯೆಲ್ಲ ಹುಡುಕಿ ಕೊನೆಗೆ ಅತ್ತೆಯನ್ನು ಕೇಳಿದೆ.

“ಆ ಸಾದಾ ಸೀರಿ ಏನ? ಅದನ್ನ ಅಗರಖೇಡದ ನೀಲವ್ವಗ ಆಯೇರಿ ಮಾಡಿದ್ನೆಲ್ಲ,” ಎಂದರು ಅತ್ತೆ. “ಕಡೀಕ ಸೀರಿ ಕಡಿಮಿ ಬಿದ್ವು. ನಿನ್ನ ಕಪಾಟಿನ್ಯಾಗ ನೋಡಿದ್ರ ಎಲ್ಲಾ ಉಟ್ಟ ಸೀರಿ, ಉಡಲಾರದ್ದು ಅಂದ್ರ ಜರಿ ಇಲ್ಲ, ಡಬ್ಬಿ ಇಲ್ಲ, ಮಣ್ಣಿನ ಬಣ್ಣದ್ದು ಒಂದ ಬಿದ್ದಿತ್ತು. ತವರಮನಿ ಹೆಣ್ಮಗಳಿಗಿ ಇಂಥಾದ್ದು ಹೆಂಗ ಕೊಡ್ಲಿ ಅಂತ ನನಗ ನಾಚಿಕಿ ಬಂತವ್ವ. ಅದಕ್ಕ ಮ್ಯಾಲೊಂದು ಜರಿ ಖಣ ಇಟ್ಟೇನಿ.”

ಅಗರಖೇಡ ಅತ್ತೆಯ ತವರೂರು, ನೀಲವ್ವ ಅವರ ತಮ್ಮನ ಸೊಸೆ. ಅತ್ತೆಯ ಮೇಲೆ ಸಿಟ್ಟು ಮಾಡಲು ಯಾವ ದಾರಿಯೂ ಇರಲಿಲ್ಲ. ನಮ್ಮ ಲೋಕದ ಕಾಯಿದೆಯ ಪ್ರಕಾರ ಹೊಳೆಯದ್ದು ಅಗ್ಗದ್ದು, ಡಬ್ಬಿಯಿಲ್ಲದ್ದು ಇನ್ನೂ ಅಗ್ಗದ್ದು. ಬೆಲೆ ಮುಚ್ಚಿಟ್ಟವಳು ನಾನೇ. ಮಗಳ ಆರತಕ್ಷತೆಗೆ, ಕೈಗೆ ಸಿಕ್ಕಿತೆಂದು, ನಾಲ್ಕು ತಾಲೂಕು ಸುತ್ತಿ ಬಂದ ಆ ಗಿಳಿಹಸಿರನ್ನೇ ಉಟ್ಟು ನಿಂತೆ. ಫೋಟೋಗಳಲ್ಲಿ ವೇದಿಕೆಯ ತೋರಣಕ್ಕೂ ನನಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ನಗುವಂಥದ್ದೇ, ಆದರೆ ನನಗೆ ನಗು ಬರಲಿಲ್ಲ. ಈ ವಯಸ್ಸಿಗೆ ಮೊದಲ ಸಲ ನನಗಾಗಿ ನಾನೇ ಆರಿಸಿಕೊಂಡದ್ದು, ಒಂದು ಸಲವೂ ಉಡದೆ ಹೋಯಿತು. ಅದು ನನಗೆ ಬೇಕಾಗಿತ್ತು. ನಮ್ಮ ಮನೆಯವರು, “ಕುಂಕುಮ ಹಚ್ಚಿ ಕೊಟ್ಟದ್ದನ್ನ ಹೊಳ್ಳಿ ಹೆಂಗ ಕೇಳ್ತೀ? ಹೋಗ್ಲಿ ಬಿಡು,” ಎಂದರು. ಬಿಡುವುದು ಅವರಿಗೆ ಸುಲಭ; ಅವರಿಗೆ ಗೊತ್ತಿದ್ದದ್ದು ಅರ್ಧ ಬೆಲೆ ಮಾತ್ರ. ನನ್ನನ್ನು ಕಾಡುತ್ತಿದ್ದ ಭಯ ಇನ್ನೊಂದು. ನೀಲವ್ವ ಅದನ್ನು ಉಡದೆ ಮುಂದಕ್ಕೆ ದಾಟಿಸಿಬಿಟ್ಟರೆ, ತಾಂಬಾಕ್ಕೋ ತಂಗಡಗಿಗೋ ಹೋಗಿಬಿಟ್ಟರೆ, ಬೆನ್ನು ಹತ್ತಿ ಎಷ್ಟು ಊರು ತಿರುಗಲಿ?

ಹದಿನೈದು ದಿನ ತಡೆದುಕೊಂಡು, ಒಂದು ಭಾನುವಾರ ಹೊರಟೇಬಿಟ್ಟೆ. ಚೀಲದಲ್ಲಿ ಸೋಲಾಪುರದ ಒಂದು ಸೀರೆ ಇತ್ತು, ಡಬ್ಬಿಯೊಳಗಿಂದಲೇ ಕಣ್ಣು ಕುಕ್ಕುವಂಥದ್ದು. ‘ಅವತ್ತು ಅದಲುಬದಲಾಗಿದೆ ನೀಲವ್ವ, ನಿನಗೆ ಎತ್ತಿಟ್ಟದ್ದು ಇದು’ ಎನ್ನುವ ಮಾತನ್ನು ಸಿಂದಗಿಯಿಂದ ಇಂಡಿಯವರೆಗೆ ಮನಸ್ಸಿನಲ್ಲೇ ತಾಲೀಮು ಮಾಡಿದೆ. ಇಂಡಿಯಿಂದ ಅಗರಖೇಡದವರೆಗೆ ಅದಕ್ಕೆ ಒಂದು ನಗುವನ್ನೂ ಸೇರಿಸಿದೆ.

ನೀಲವ್ವ ಮನೆಯಲ್ಲಿರಲಿಲ್ಲ. ಈಗ ಬರುತ್ತಾಳೆ ಎಂದು ಪಕ್ಕದವರು ಹೇಳಿದ್ದರಿಂದ ಅವಳ ಮನೆಯ ಕಟ್ಟೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಬಸ್ಸಿಳಿದು ಒಬ್ಬ ಹೆಣ್ಣುಮಗಳು ಓಣಿಯಲ್ಲಿ ನಡೆದು ಬಂದಳು. ಎತ್ತರದ ಮೈಕಟ್ಟು, ನೇರ ನಡಿಗೆ. ಯಾರೋ ತಾಲೂಕು ಕಚೇರಿಯ ದೊಡ್ಡ ಹುದ್ದೆಯವರಿರಬೇಕು ಎಂದುಕೊಂಡು ನಾನು ಅರ್ಧ ಎದ್ದೂ ನಿಂತೆ. ಹತ್ತಿರ ಬಂದಾಗ ಕುಸುಬಿ ಬಣ್ಣದ ಅಂಚು ಕಂಡಿತು. ಆಮೇಲೆ ನೀಲವ್ವ ಕಂಡಳು. ನಿಂಬೆ ತೋಟದ ಬಿಸಿಲಿನಲ್ಲಿ ಕಪ್ಪಾದ ಅವಳ ಮೈಬಣ್ಣಕ್ಕೆ ಆ ಸೀರೆ ಒಪ್ಪಿದ ರೀತಿ ನೋಡಿ ನನ್ನ ತಾಲೀಮು ಮರೆತುಹೋಯಿತು.

“ಬಂದು ಭಾಳ ಹೊತ್ತಾತೇನ್ರಿ ಅಕ್ಕಾರ? ತಾಂಬಾದಾಗ ನಮ್ಮ ತಂಗಿ ಮನ್ಯಾಗ ತೊಟ್ಟಲ ಇತ್ತರಿ,” ಎನ್ನುತ್ತ ಅವಳು ಬಾಗಿಲು ತೆಗೆದು ಚಹಾಕ್ಕಿಟ್ಟಳು. ಸೀರೆಯ ಮಾತನ್ನು ನಾನು ತೆಗೆಯುವ ಮೊದಲು ಅವಳೇ ತೆಗೆದಳು.

“ಖರೇ ಹೇಳ್ತೇನ್ರಿ, ಬಂದ ಆಯೇರಿ ಎಲ್ಲಾ ನಾ ಮುಂದ ದಾಟಸಾಕಿ. ಇದನ್ನೂ ಮೊದಲ ನೋಡಿ ಸಾದಾ ಐತಿ ಅಂದೆ. ಒಂದಿನಾ ಉಟ್ಟು ಕನ್ನಡಿ ಮುಂದ ನಿಂತೇನ್ರಿ, ದಾಟಸಾಕ ಮನಸ ಬರಲಿಲ್ಲ. ಉಳದ ಸೀರಿ ಎಲ್ಲಾ ಯಾರಿಗೋ ತಂದು ನನಗ ಕೊಟ್ಟಂಗ ಇರತಾವ. ಇದು ನನ್ನ ನೋಡೇ ತಂದಂಗ ಐತಿ. ಯಾರು ಆರಿಸಿದ್ರಿ ಇದನ್ನ?”

ನನ್ನ ಕೈ ಚೀಲದ ಬಾಯಿಯ ಮೇಲೇ ಇತ್ತು. ಅವಳು ಉತ್ತರಕ್ಕೆ ಕಾಯುತ್ತಿದ್ದಳು, ಮತ್ತು ಆ ಉತ್ತರ ಅವಳಿಗೆ ಎಷ್ಟು ಬೇಕಾಗಿತ್ತೆಂದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಂಥ ಮುಖವನ್ನು ನಾನು ವಿಜಯಪುರದ ಕನ್ನಡಿಯಲ್ಲಿ ನೋಡಿದ್ದೆ.

“ನಾನ ಆರಿಸಿದೆ,” ಎಂದೆ.

ಸುಳ್ಳೇನಲ್ಲವಲ್ಲ. ಇತಿಹಾಸ ಕಲಿಸುವವರು ಪೂರ್ತಿ ಹೇಳಲೇಬೇಕೆಂಬ ನಿಯಮ ಎಲ್ಲೂ ಇಲ್ಲ.

“ಅನಕೊಂಡಿದ್ನಿರಿ,” ಎಂದು ಅವಳು ಸೆರಗನ್ನು ಒಮ್ಮೆ ಸವರಿಕೊಂಡಳು. ಆಮೇಲೆ ನನ್ನ ಚೀಲ ನೋಡಿ, “ಅದೇನ್ರಿ ಅದು, ಮಿಂಚಾಕತ್ತೈತಿ?” ಎಂದಳು. “ಅದು ಮುಂದಿನ ಊರಿಗಿ ಹೋಗೂದು,” ಎಂದೆ. ಇಬ್ಬರೂ ಚಹಾ ಚೆಲ್ಲುವಷ್ಟು ನಕ್ಕೆವು.

ಹೊರಡುವಾಗ ಅವಳು ಬಿಡಲಿಲ್ಲ. ಉಡಿ ತುಂಬುತ್ತೇನೆಂದು ನಿಲ್ಲಿಸಿ ಟ್ರಂಕು ತೆರೆದಳು. ಅಕ್ಕಿ, ಅಡಿಕೆಯ ಜೊತೆ ಕುಪ್ಪಸದ ಒಂದು ಖಣ ಇಡುವುದು ಪದ್ಧತಿ. ಕೈಗೆ ಸಿಕ್ಕದ್ದನ್ನು ಇಡುವುದೂ ಪದ್ಧತಿಯೇ. ಆದರೆ ನೀಲವ್ವ ಒಂದು ಖಣ ತೆಗೆದು ನನ್ನ ಕೆನ್ನೆಯ ಹತ್ತಿರ ಹಿಡಿದು, “ಇದು ಬ್ಯಾಡ, ಮುಖ ಸಪ್ಪಗ ಕಾಣತೈತಿ,” ಎಂದು ಪಕ್ಕಕ್ಕಿಟ್ಟಳು. ಇನ್ನೊಂದನ್ನು ಹಿಡಿದು ತಲೆಯಾಡಿಸಿದಳು. ಬೆಳಕಿಗೆ ಬನ್ನಿ ಎಂದು ನನ್ನನ್ನು ಬಾಗಿಲಿಗೆ ಕರೆದು, ಮತ್ತೆ ಹೋಗಿ ಟ್ರಂಕಿನ ತಳದಿಂದ ದಾಳಿಂಬೆ ಬಣ್ಣದ್ದೊಂದನ್ನು ತಂದಳು. ನಾನು ಫೋಟೋಕ್ಕೆ ನಿಂತವಳಂತೆ ಅಲುಗಾಡದೆ ನಿಂತಿದ್ದೆ. “ಹಾಂ, ಇದು ನಿಮ್ಮದು,” ಎಂದು ಅದನ್ನು ನನ್ನ ಉಡಿಯಲ್ಲಿಟ್ಟಳು. ತೋಟದ ನಿಂಬೆಹಣ್ಣನ್ನೂ ಸೆರಗಿನ ತುಂಬ ಸುರಿದಿದ್ದರಿಂದ ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಅಷ್ಟು ದುಡ್ಡು ಕೊಡಬಹುದೇ ಎಂದು ಯಾರಾದರೂ ಕೇಳಿದರೆ ಈಗ ನನ್ನ ಬಳಿ ಉತ್ತರವಿದೆ. ಕೊಡಬಹುದು. ನೂಲಿಗೆ, ಬಣ್ಣಕ್ಕೆ, ಹಿಂಬದಿಯಲ್ಲೂ ಗಂಟಿಲ್ಲದ ಆ ಕಸೂತಿಗೆ ಇಷ್ಟಿಷ್ಟು. ಉಳಿದದ್ದು, ಒಂದು ಸೀರೆಯನ್ನೂ ಬಿಚ್ಚುವ ಮೊದಲು ಆ ಹುಡುಗಿ ಉಡುವವಳ ಮುಖ ನೋಡುತ್ತ ಕುಳಿತಳಲ್ಲ, ಅದಕ್ಕೆ. ಆದರೂ ನನಗಿಂತ ನೀಲವ್ವನಿಗೇ ಅದು ಹೆಚ್ಚು ಒಪ್ಪುತ್ತಿತ್ತು ಎಂದು ಒಪ್ಪಿಕೊಳ್ಳಲು ಬಸ್ಸು ಇಂಡಿ ಮುಟ್ಟುವವರೆಗೆ ಬೇಕಾಯಿತು.

ಮನೆಗೆ ಬಂದಾಗ ನಮ್ಮ ಮನೆಯವರು ಪೇಪರ್ ಓದುತ್ತ ಕುಳಿತಿದ್ದರು. ನಿಂಬೆಹಣ್ಣು ನೋಡಿದರು, ಸೋಲಾಪುರದ ಡಬ್ಬಿ ಹಾಗೆಯೇ ವಾಪಸು ಬಂದದ್ದನ್ನೂ ನೋಡಿದರು.

“ಸೀರಿ ತಂದ್ಯಾ?” ಎಂದರು.

“ಇಲ್ರಿ. ಕೊಟ್ಟು ಬಂದೆ.”

“ಅದನ್ನ ಮದವಿ ದಿನಾನ ಕೊಟ್ಟಿದ್ವೆಲ್ಲ?”

“ಅವತ್ತ ಅದು ಹೋಗಿತ್ತರಿ,” ಎಂದೆ. “ಕೊಟ್ಟದ್ದು ಇವತ್ತ.”