ತೋಳಿನ ಮೇಲಿನ ಗುರುತು

ಜಮಖಂಡಿಯ ಹೈಸ್ಕೂಲಿನಲ್ಲಿ ನಾನು ವಿದ್ಯಾರ್ಥಿಗಳ ಮುಖಂಡ. ಸಿಡುಬಿನ ಲಸಿಕೆ ಹಾಕುವವರು ಬಂದ ದಿನ ಇಡೀ ತರಗತಿಯನ್ನು ಹಿಂದಿನ ಗೋಡೆ ಹಾರಿಸಿ ಪಾರು ಮಾಡಿದ ಗಂಡು ನಾನು. ಅಂಥ ಮುಖಂಡ ಆ ಶಾಲೆಗೆ ಮತ್ತೆ ಸಿಕ್ಕಿರಲಾರ.

ಕಾಲೇಜು ಸೇರಿದರೂ ಮುಖಂಡತನದ ರುಚಿ ಬಿಟ್ಟಿರಲಿಲ್ಲ. ಬೀಳಗಿ ಕಡೆಯ ನಮ್ಮೂರಿನ ಸುತ್ತ ಸಿಡುಬು ಕಾಣಿಸಿಕೊಂಡಾಗ, ಊರವರಿಗೆ ಲಸಿಕೆ ಹಾಕಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಓಡಿಸಲು ಬಲ್ಲವನಿಗೆ ಹಿಡಿಯಲು ಬರುವುದಿಲ್ಲವೇ? ಕುರಿಹಟ್ಟಿಯಲ್ಲಿ, ಬಣವೆಯ ಹಿಂದೆ ಅಡಗಿದ್ದವರನ್ನೆಲ್ಲ ಹುಡುಕಿ ಬೀರಪ್ಪನ ಗುಡಿಯ ಮುಂದೆ, ಲಸಿಕೆ ಹಾಕುವವರ ಎದುರು ನಿಲ್ಲಿಸಿದೆ. ಭಾಷಣವನ್ನೂ ಬಿಗಿದೆ. ಒಬ್ಬರೂ ತೋಳು ಚಾಚಲಿಲ್ಲ.

ಕುರಿ ಕಾಯುವ ಮುದುಕಿಯೊಬ್ಬಳು ಮುಂದೆ ಬಂದಳು. "ಲೇ ತಮ್ಮಾ, ಮೊದಲ ನಿನ್ನ ರಟ್ಟಿ ತೋರಸು. ಲಸಿಕಿ ಗುರ್ತು ಎಲ್ಲೈತಿ?"

ನನ್ನ ತೋಳು ನುಣ್ಣಗಿತ್ತು. ಅಂದು ಗೋಡೆ ಹಾರಿದವರಲ್ಲಿ ನಾನೇ ಮೊದಲಿಗ.

"ನಾನೂ ಹಾಕಿಸ್ಕೊಂಡಿಲ್ಲಬೇ, ಆಯಿ."

"ಹಂಗಾರ ನೀನೂ ನಮ್ಮಾಂವನ. ಬಾ, ಇಬ್ಬರೂ ಕೂಡೇ ಚುಚ್ಚಿಸ್ಕೊಳ್ಳೂಣು."

ನಾನು ಕಣ್ಣು ಮುಚ್ಚಿ ಚುಚ್ಚಿಸಿಕೊಂಡೆ. ಆಕೆ ರೆಪ್ಪೆ ಕೂಡ ಬಡಿಯಲಿಲ್ಲ. ಆಮೇಲೆ ಜನರತ್ತ ತಿರುಗಿ, ಕುರಿಗಳನ್ನು ಕರೆಯುವ ಹಾಗೆ ನಾಲಿಗೆಯಿಂದ ಒಂದೇ ಒಂದು ಸದ್ದು ಮಾಡಿದಳು. ಇಡೀ ಊರು ನಗುತ್ತ ಸಾಲುಗಟ್ಟಿತು! ಅಷ್ಟು ಭಾಷಣ ಬಿಗಿದಿದ್ದ ನಾನು ಬಾಯಿ ತೆರೆದುಕೊಂಡು ನೋಡುತ್ತ ನಿಂತೆ.

ಆ ಗುರುತು ಈಗಲೂ ತೋಳಿನ ಮೇಲಿದೆ. ಕೇಳಿದವರಿಗೆಲ್ಲ ತೋರಿಸುತ್ತೇನೆ, ಕೇಳದವರಿಗೂ.