ಜ್ವರಕ್ಕೆ ಕೂತ ಹುಳ

ನಾನು ಅಂಗಡಿಯವರ ಮನೆಯ ಮಗಳು. ನಂಜನಗೂಡಿನಲ್ಲಿ ನಮ್ಮ ಅಂಗಡಿಗೆ ಅಕ್ಕಿ, ಬೇಳೆ, ಬೆಲ್ಲ ಎಲ್ಲವೂ ಮೂಟೆಯಲ್ಲಿ ಬಂದು ಇಳಿಯುತ್ತಿದ್ದವು. ಮೂಟೆ ಸೇರುವ ಮುಂಚೆ ಅವು ಎಲ್ಲಿದ್ದವು, ಹೇಗಿದ್ದವು ಎಂದು ನಾನು ಒಂದು ದಿನವೂ ಕೇಳಿದವಳಲ್ಲ. ಡಬ್ಬಿಗಳ ಚೀಟಿ ಹೊರಗೇ ತಿರುಗಿರಬೇಕು, ತಕ್ಕಡಿಯ ಪಕ್ಕ ಒಂದು ಕಾಳೂ ಬಿದ್ದಿರಬಾರದು, ಅಷ್ಟು ಗೊತ್ತಿತ್ತು. ಅಪ್ಪನಿಂದ ಬಂದ ಈ ಅಚ್ಚುಕಟ್ಟಿನ ಹುಚ್ಚು ಗಣಿತದ ಟೀಚರ್ ಆದ ಮೇಲೂ ನನ್ನನ್ನು ಬಿಡಲಿಲ್ಲ. ನೋಟ್‌ಬುಕ್ಕಿನಲ್ಲಿ ಅಂಚು ಬಿಡದೆ ಬರೆದ ಲೆಕ್ಕ ಕಂಡರೆ, ಉತ್ತರ ಸರಿಯಿದ್ದರೂ ನನಗೆ ಮೈ ಉರಿಯುತ್ತಿತ್ತು. ನನ್ನ ಕೆಂಪು ಪೆನ್ನಿಗೆ ಹೆದರದ ಮಗು ನಾನಿದ್ದ ಹಳ್ಳಿ ಶಾಲೆಯಲ್ಲಿ ಇರಲಿಲ್ಲ.

ಆ ಶಾಲೆ ನರಸೀಪುರ ದಾಟಿ ಮೂಗೂರಿನ ಕಡೆ ಹೋಗುವ ದಾರಿಯಲ್ಲಿತ್ತು. ಬೆಳಿಗ್ಗೆ ನಂಜನಗೂಡಿನಲ್ಲಿ ಒಂದು ಬಸ್ಸು, ನರಸೀಪುರದಲ್ಲಿ ಇನ್ನೊಂದು. ಸಂಜೆ ಐದೂಕಾಲಿನ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಬರುತ್ತದೆಂದು ಹೇಳುವವರಿರಲಿಲ್ಲ. ಹಾಗಾಗಿ ಆ ಊರಿನಲ್ಲಿ ನಾನು ನೋಡಿದ್ದು ಎರಡೇ ಜಾಗ, ಶಾಲೆ ಮತ್ತು ಬಸ್ ನಿಲ್ದಾಣ. ಎರಡರ ನಡುವೆ ರಸ್ತೆಯ ಎರಡೂ ಬದಿಗೆ ಎದೆಮಟ್ಟಕ್ಕೆ ಬೆಳೆದ ಹಿಪ್ಪುನೇರಳೆ ತೋಟ. ಅದನ್ನು ಬಹಳ ದಿನ ನಾನು ಬೇಲಿ ಗಿಡ ಎಂದುಕೊಂಡಿದ್ದೆ.

ಒಂದು ವರ್ಷ ಯಾವುದೋ ಕಾರ್ಖಾನೆಯವರು ತಮಗೆ ಬೇಡವಾದ ಆರು ಕಂಪ್ಯೂಟರುಗಳನ್ನು ನಮಗೆ ಕೊಟ್ಟರು. ಆರರಲ್ಲಿ ನಾಲ್ಕು ಓಡುತ್ತಿದ್ದವು, ಅವೂ ಮನಸ್ಸು ಬಂದಾಗ. ಕೆಲಸದ ನಡುವೆ ತಟ್ಟನೆ ನಿಂತು ಬಿಡುವುದು ಅವುಗಳ ಅಭ್ಯಾಸವಾಗಿತ್ತು. ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವುದನ್ನು ನನಗೆ ಎರಡು ದಿನದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ‘ಹತ್ತು ಹೆಜ್ಜೆ ಸಾಗು’, ‘ಬಲಕ್ಕೆ ತಿರುಗು’, ‘ಇಷ್ಟು ಸಲ ಮಾಡು’, ‘ಕಾಯಿ’ ಎಂದು ಒಂದೊಂದು ಬಣ್ಣದ ಪಟ್ಟಿಯ ಮೇಲೆ ಒಂದೊಂದು ಅಪ್ಪಣೆ. ಅವು ಒಂದರ ಕೆಳಗೊಂದು ಕಚ್ಚಿಕೊಳ್ಳುತ್ತವೆ. ಮೇಲಿನ ಹಸಿರು ಬಾವುಟ ಒತ್ತಿದರೆ ತೆರೆಯ ಮೇಲಿನ ಬೊಂಬೆ ಹೇಳಿದಂತೆ ಕೇಳುತ್ತದೆ. ಎಲ್ಲವೂ ಕನ್ನಡದಲ್ಲಿ. ಹೇಳಿದಂತೆ ಕೇಳುವ ಜೀವ ಒಂದಾದರೂ ಸಿಕ್ಕಿತಲ್ಲ ಎಂದು ನನಗೆ ಬಹಳ ಖುಷಿಯಾಗಿತ್ತು.

ಮೊದಲ ವಾರವೇ ಮುಖಭಂಗ. ಸಮಬಾಹು ತ್ರಿಕೋನದ ಕೋನ ಅರವತ್ತು ಡಿಗ್ರಿ ಎಂದು ಹಿಂದಿನ ದಿನವಷ್ಟೇ ಹಲಗೆ ಮೇಲೆ ಬರೆದಿದ್ದೆ. ‘ನೂರು ಹೆಜ್ಜೆ ಸಾಗು, ಅರವತ್ತು ಡಿಗ್ರಿ ತಿರುಗು, ಮೂರು ಸಲ’ ಎಂದು ಎಂಟನೇ ತರಗತಿಯ ಒಬ್ಬ ಹುಡುಗಿ ಜೋಡಿಸಿ ಬಾವುಟ ಒತ್ತಿದಳು. ಬಂದದ್ದು ತ್ರಿಕೋನವಲ್ಲ, ಬಾಯಿ ತೆರೆದ ಬಾಣಲೆ.

“ನೀವೇ ಅರವತ್ತು ಅಂದಿದ್ರಲ್ಲ ಮಿಸ್,” ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅವತ್ತು ಮನೆಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ನಾನೇ ತ್ರಿಕೋನವಾಗಿ ನಡೆದು ನೋಡಿದೆ. ನಡೆಯುವವಳು ಮೂಲೆಯಲ್ಲಿ ತಿರುಗಬೇಕಾದ್ದು ಅರವತ್ತಲ್ಲ, ನೂರಿಪ್ಪತ್ತು. ಹದಿನಾಲ್ಕು ವರ್ಷ ಕೋನ ಪಾಠ ಮಾಡಿದವಳು ಅದನ್ನು ಕಾಲಿನಿಂದ ತಿಳಿದುಕೊಂಡದ್ದು ಅಂದೇ. ಮರುದಿನ ನನ್ನ ತಪ್ಪನ್ನು ಹೇಳುವ ಮೊದಲೇ ಅವಳು ಅರವತ್ತನ್ನು ಹಾಗೇ ಇಟ್ಟು, ಮೂರು ಸಲವನ್ನು ಆರು ಮಾಡಿ, ಬಾಣಲೆಯನ್ನು ಜೇನುಗೂಡಿನ ಕಣ್ಣಾಗಿ ಮಾಡಿದ್ದಳು. ಅದರ ಪಕ್ಕ ಇನ್ನೊಂದು, ಮತ್ತೊಂದು. ತೆರೆ ತುಂಬ ಜೇನುಗೂಡು. ಅಂದಿನಿಂದ ಅವಳ ಮೇಲೆ ನನಗೆ ವಿಶೇಷ ಪ್ರೀತಿ.

ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಕಂಪ್ಯೂಟರ್ ಕೋಣೆ ತೆರೆದಿರುತ್ತಿತ್ತು. ಬೇಕಾದವರು ಉಳಿಯಬಹುದು. ಈ ಹುಡುಗಿಗೆ ಅದು ಸುಲಭವಿರಲಿಲ್ಲ. ಅವಳ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಸಂಜೆ ಹಿಪ್ಪುನೇರಳೆ ಸೊಪ್ಪು ಕುಯ್ದು ತಂದು ಹುಳಕ್ಕೆ ಹಾಕಲು ಅವಳ ಕೈಯೂ ಬೇಕಿತ್ತು. ಹುಳದ ಮನೆಯಲ್ಲಿ ಅಜ್ಜಿಯದೇ ಯಜಮಾನಿಕೆ. ಮೊಮ್ಮಗಳ ಕಾಟ ತಡೆಯಲಾರದೆ ಅಜ್ಜಿ ಒಂದು ಮಾತು ಕೊಟ್ಟಿದ್ದರು: ವರ್ಷದ ಕೊನೆಗೆ ಶಾಲೆಯಲ್ಲಿ ಪ್ರದರ್ಶನ ಇಡುತ್ತಾರಲ್ಲ, ಅಲ್ಲಿ ಬಂದು ನೋಡುತ್ತೇನೆ. ಆ ಮುಕ್ಕಾಲು ಗಂಟೆಯಲ್ಲಿ ಏನಾದರೂ ಕಲಿತಿದ್ದರೆ ಹತ್ತನೇ ತರಗತಿಯವರೆಗೂ ಉಳಿದುಕೊಳ್ಳಲಿ. ಇಲ್ಲದಿದ್ದರೆ ಗಂಟೆ ಹೊಡೆದ ಕೂಡಲೇ ಮನೆಗೆ ಬರಬೇಕು.

ಹಾಗಾಗಿ ಅವಳು ಅಜ್ಜಿಗಾಗಿಯೇ ರೇಷ್ಮೆ ಹುಳದ ಪ್ರೋಗ್ರಾಂ ಮಾಡಿದಳು. ಸಾಸಿವೆಯಷ್ಟು ಮೊಟ್ಟೆಯಿಂದ ಹುಳ ಬಂದು, ಸೊಪ್ಪು ತಿಂದು ದಪ್ಪವಾಗಿ, ಕೊನೆಗೆ ಗೂಡು ಕಟ್ಟುತ್ತಿತ್ತು. ಹುಳಗಳು ತಿನ್ನುವ ಸದ್ದಿಗೆ ಬಿಸ್ಕತ್ತಿನ ಖಾಲಿ ಪೊಟ್ಟಣವನ್ನು ಕಂಪ್ಯೂಟರಿನ ಮೈಕಿನ ಹತ್ತಿರ ಮೆಲ್ಲಗೆ ಹಿಸುಕಿ ರೆಕಾರ್ಡ್ ಮಾಡಿದಳು. ಒಂದಿಡೀ ವಾರ ಆ ಕೋಣೆಯಲ್ಲಿ ಚರಚರ ಎನ್ನುವ ಸದ್ದೇ ಸದ್ದು. “ಒಂದ್ಸಲ ನಮ್ಮನೇಗೆ ಬಂದು ಉಳ ನೋಡಿ ಮಿಸ್,” ಎಂದು ಎರಡು ಸಲ ಕರೆದಳು. “ಬರ್ತೀನಿ ಬರ್ತೀನಿ,” ಎಂದೆ, ಐದೂಕಾಲಿನ ಬಸ್ಸನ್ನು ನೆನೆದುಕೊಂಡು.

ಪ್ರದರ್ಶನದ ದಿನ ನಾನು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಮಕ್ಕಳು ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಒಬ್ಬಳೇ ಕೂತು ಒಂದೊಂದೇ ಪ್ರೋಗ್ರಾಂ ಓಡಿಸಿ ನೋಡಿದೆ. ರೇಷ್ಮೆ ಹುಳ ಚೆನ್ನಾಗಿ ತಿನ್ನುತ್ತ ತಿನ್ನುತ್ತ ತಟ್ಟನೆ ನಿಂತುಬಿಟ್ಟಿತು. ಸದ್ದೂ ನಿಂತಿತು. ಕಂಪ್ಯೂಟರ್ ಮತ್ತೆ ಕೈಕೊಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಹುಳ ಎದ್ದು ಮತ್ತೆ ತಿನ್ನತೊಡಗಿತು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಬ್ಲಾಕುಗಳನ್ನು ತೆರೆದು ನೋಡಿದರೆ ‘ನಾಲ್ಕು ಸಲ ಮಾಡು’ ಎನ್ನುವುದರ ಹೊಟ್ಟೆಯೊಳಗೆ ‘ಹತ್ತು ಸೆಕೆಂಡು ಕಾಯಿ’ ಎಂಬ ಪಟ್ಟಿ ಕೂತಿದೆ. ಪಾಪ, ಎಲ್ಲಿಂದಲೋ ಎಳೆದು ಬಿಟ್ಟು ಮರೆತಿದ್ದಾಳೆ ಎಂದುಕೊಂಡೆ. ಬಂದವರು ಕಂಪ್ಯೂಟರ್ ಕೆಟ್ಟಿದೆ ಎಂದು ನಗುವುದಿಲ್ಲವೇ? ಆ ಪಟ್ಟಿಯನ್ನು ಎಳೆದು ತೆಗೆದು ಹಾಕಿದೆ. ಈಗ ಹುಳ ಎಲ್ಲಿಯೂ ತಡೆಯಿಲ್ಲದೆ ತಿಂದು ಗೂಡು ಕಟ್ಟಿತು. ನನಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನ. ಅವಳಿಗೆ ಹೇಳಬೇಕು ಎಂದುಕೊಂಡೆ, ಊಟದ ಗಡಿಬಿಡಿಯಲ್ಲಿ ಅದೂ ಮರೆತುಹೋಯಿತು.

ಮಧ್ಯಾಹ್ನ ಅಜ್ಜಿ ಬಂದರು. ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತರು. ಹುಡುಗಿ ಬಾವುಟ ಒತ್ತಿದಳು. ಚರಚರ ಸದ್ದು ಕೇಳಿದ ಕೂಡಲೇ ಅಜ್ಜಿಯ ಮುಖ ಅರಳಿತು. “ದಿಟ್ವಾಗ್ಲೂ ಅಂಗೇ ಅದೆ ಕಣ್ ಮಗ,” ಎಂದರು. ಹುಳ ತಿಂದಿತು, ತಿಂದಿತು, ತಿನ್ನುತ್ತಲೇ ಹೋಯಿತು. ಅಜ್ಜಿಯ ಹುಬ್ಬು ಗಂಟಾಯಿತು.

“ಏನ್ ಮಗ ಇದು, ಈ ಉಳ ಜ್ವರಕ್ಕೆ ಕೂರ್ನೇ ಇಲ್ವಲ್ಲ?”

ಹುಡುಗಿ ತೆರೆ ನೋಡಿದಳು. ಬ್ಲಾಕುಗಳನ್ನು ತೆರೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕೆಂಪು ಪೆನ್ನಿನ ಕೈ ಯಾರದೆಂದು ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ನನ್ನ ಪಕ್ಕದಲ್ಲಿ ಹೆಡ್‌ಮಾಸ್ಟರು, ಅವರ ಪಕ್ಕ ಊರಿನ ನಾಲ್ಕು ದೊಡ್ಡ ಮನುಷ್ಯರು. ಏನೋ ತಪ್ಪಾಗಿದೆ, ಅದು ನನ್ನಿಂದಲೇ ಆಗಿದೆ ಎಂದು ಗೊತ್ತಾಯಿತು. ಬಾಯಿ ಬಿಡಲಿಲ್ಲ.

“ಮರ್ತೋದೆ ಅಜ್ಜಿ,” ಎಂದಳು ಅವಳು.

“ಉಟ್ದಾಗಿಂದ ಕಣ್ಣಾರೆ ನೋಡಿರೋದು ಮರ್ತೋಯ್ತದಾ? ಜ್ವರಕ್ಕೆ ಕುಂತಿರೋ ಉಳದ್ ಮ್ಯಾಲೆ ಸೊಪ್ಪಾಕುದ್ರೆ ಬೆಳೆ ಕೈಗೆ ಸಿಕ್ತದಾ?” ಅಜ್ಜಿ ಎದ್ದು ನಿಂತು ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ಗೊತ್ತಿರೋದ್ನೂ ಮರೆಸೋ ಪಾಠ ನಮ್ಗೆ ಬ್ಯಾಡ ಮೇಡಮ್ಮ. ನಾಳಿಂದ ಗಂಟೆ ಒಡೀತಿದ್ದಂಗೆ ಇವಳ ಕಳ್ಸಿಬುಡಿ.”

ಮರುದಿನದಿಂದ ಗಂಟೆ ಹೊಡೆದ ಕೂಡಲೇ ಅವಳು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ತರಗತಿಯಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಮುಖ ಊದಿಸಿಕೊಂಡಿರಲಿಲ್ಲ. ಅವಳು ಒಂದು ಮಾತು ಆಡಿದ್ದರೂ ನನಗೆ ಹಗುರಾಗುತ್ತಿತ್ತು. ಕಂಪ್ಯೂಟರ್ ಕೋಣೆಯಲ್ಲಿ ಅವಳ ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂತರೆ ನಾನು ಸುಮ್ಮಸುಮ್ಮನೆ ಗದರುತ್ತಿದ್ದೆ. ಐದು ದಿನ ಹೀಗೇ ಕಳೆಯಿತು. ಆರನೆಯ ದಿನ ಐದೂಕಾಲಿನ ಬಸ್ಸು ಕಣ್ಣೆದುರೇ ಹೊರಟಿತು. ನಾನು ಹತ್ತಲಿಲ್ಲ. ದಾರಿ ಕೇಳಿಕೊಂಡು ಅವರ ಮನೆಗೆ ಹೋದೆ.

ಹುಳದ ಮನೆ ಹಿತ್ತಿಲಲ್ಲಿತ್ತು. ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿ, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟಿದ್ದರು.

“ಅಲ್ಲೇ ನಿಂತ್ಕಳಿ ಮೇಡಮ್ಮ,” ಎಂದರು ಅಜ್ಜಿ ಒಳಗಿನಿಂದ. “ಒರಗ್ನೋರು ಒಳಕ್ಕೆ ಬರಂಗಿಲ್ಲ. ಉಳಕ್ಕೆ ಆಗಾಕಿಲ್ಲ.”

ಹೊಸಿಲಾಚೆಯೇ ನಿಂತು ಹೇಳಿದೆ. “ಅಜ್ಜಿ, ನಿಮ್ಮ ಮೊಮ್ಮಗಳು ಏನೂ ಮರೆತಿರಲಿಲ್ಲ. ಹುಳ ನಿಲ್ಲೋ ಹಾಗೆ ಸರಿಯಾಗೇ ಮಾಡಿದ್ಲು. ಅದನ್ನ ತೆಗೆದು ಹಾಕಿದ್ದು ನಾನು. ಅವತ್ತು ಎಲ್ಲರ ಎದುರು ಬಾಯಿ ಮುಚ್ಕೊಂಡು ನಿಂತಿದ್ದೂ ನಾನೇ.”

ಅಜ್ಜಿ ಒಳಗಿನಿಂದಲೇ ಕೇಳಿದರು. “ಯಾಕ್ ತಗುದ್ರಿ?”

“ಕಂಪ್ಯೂಟರ್ ಕೆಟ್ಟು ನಿಂತಿದೆ ಅನ್ಕೊಂಡೆ.”

“ಉಳ ಸಾಕೋದ ಒಂದಿನಾನೂ ನೋಡ್ನಿಲ್ವಾ ನೀವು?”

“ಇಲ್ಲ ಅಜ್ಜಿ. ನಮ್ಮದು ಅಂಗಡಿ.”

“ಅವತ್ತು ರೇಷ್ಮೆ ಸೀರೆ ಉಟ್ಕಂಡಿದ್ರಲ್ಲ.”

ಒಳಗೆ ಹುಡುಗಿ ನಗು ತಡೆದುಕೊಂಡದ್ದು ಕೇಳಿಸಿತು. ಆರು ದಿನದ ಮೇಲೆ ಕೇಳಿದ ಆ ಅರೆನಗುವಿಗೆ ನನಗೆ ಅಳುವೇ ಬಂತು.

ಅಜ್ಜಿ ಹೊರಗೆ ಬಂದು ನನ್ನ ಕಾಲಿಗೆ ತಾವೇ ನೀರು ಹೊಯ್ದರು, ಕೈ ತೊಳೆಸಿದರು, ಸುಣ್ಣ ತುಳಿದು ಬರಲು ಹೇಳಿದರು. ಒಳಗೆ ಅಟ್ಟಣಿಗೆಯಂತೆ ಒಂದರ ಮೇಲೊಂದು ಬಿದಿರಿನ ತಟ್ಟೆಗಳು. ಅವುಗಳ ತುಂಬ ಹುಳ. ಸಾವಿರಾರು ಹುಳ, ಒಂದೂ ಅಲುಗುತ್ತಿಲ್ಲ. ಎಲ್ಲವೂ ತಲೆಯನ್ನು ಮೇಲಕ್ಕೆತ್ತಿ ಇದ್ದಲ್ಲೇ ಕೂತಿವೆ. ಹಳೆಯ ಚರ್ಮ ಕಳಚಿ ಹೊಸದು ಬರುವ ತನಕ ಹುಳ ತಿನ್ನುವುದಿಲ್ಲ, ಹುಟ್ಟಿನಿಂದ ಗೂಡಿನ ತನಕ ನಾಲ್ಕು ಸಲ ಹೀಗೆ ಕೂರುತ್ತದೆ, ಅದನ್ನೇ ಜ್ವರ ಎನ್ನುತ್ತೇವೆ ಎಂದು ಹುಡುಗಿ ಪಿಸುಮಾತಿನಲ್ಲಿ ಹೇಳಿಕೊಟ್ಟಳು. ಇದು ನಾಲ್ಕನೆಯದು. ಒಂದು ತಟ್ಟೆಯ ಮೂಲೆಯಲ್ಲಿ ಒಣಗಿದ ಎಲೆಯೊಂದು ಓರೆಯಾಗಿ ಬಿದ್ದಿತ್ತು. ಅದನ್ನು ಸರಿಮಾಡಲು ನನ್ನ ಕೈ ತಾನಾಗಿ ಚಾಚಿತು. ಅಜ್ಜಿ ಮಣಿಕಟ್ಟು ಹಿಡಿದುಕೊಂಡರು.

“ಮುಟ್ಬ್ಯಾಡಿ. ಅವು ಕೆಲ್ಸ ಮಾಡ್ತಾವೆ.”

ಹೊರಡುವಾಗ ಕಾಫಿ ಕೊಟ್ಟರು. “ಈಗ ಕಳ್ಸಾಕಿಲ್ಲ,” ಎಂದರು. “ಜ್ವರ ಎದ್ದ ಮ್ಯಾಲೆ ಬಕಾಸುರನಂಗೆ ತಿಂತವೆ. ಗೂಡು ಬುಡ್ಸಿದ್ಮೇಲೆ ಬತ್ತಾಳೆ.” ಹುಡುಗಿಯ ಹತ್ತಿರ ನಾನು ಬೇರೆಯಾಗಿ ತಪ್ಪಾಯಿತು ಎಂದು ಹೇಳಬೇಕಿತ್ತು. ಟೀಚರ್ ಎಂಬ ಬಿಗುಮಾನ, ಹೇಳಲಿಲ್ಲ. ಇಂದಿಗೂ ಅದು ನನ್ನನ್ನು ಕೊರೆಯುತ್ತದೆ. ಒಂದು ಟೆಂಪೊ ಹಿಡಿದು ನರಸೀಪುರಕ್ಕೆ ಬಂದು, ಅಲ್ಲಿಂದ ಹೇಗೋ ನಂಜನಗೂಡು ಸೇರಿದೆ.

ಅಜ್ಜಿ ಮಾತು ತಪ್ಪಲಿಲ್ಲ. ಗೂಡು ಬಿಡಿಸಿದ ಮರುದಿನವೇ ಅವಳು ಬಂದು ತನ್ನ ಸ್ಟೂಲಿನ ಮೇಲೆ ಕೂತಳು. ಹಳೆಯ ಪ್ರೋಗ್ರಾಂ ತೆರೆದು ಏನೋ ಸರಿಮಾಡಿ ಮುಚ್ಚಿದಳು. ಅದೇನೆಂದು ನಾನು ನೋಡಲಿಲ್ಲ, ಕೇಳಲೂ ಇಲ್ಲ. ಹತ್ತನೇ ತರಗತಿ ಮುಗಿಯುವವರೆಗೂ ಆ ಕೋಣೆಯಲ್ಲಿ ಉಳಿದಳು. ಅವಳು ಶಾಲೆ ಬಿಟ್ಟ ವರ್ಷವೇ ನನಗೆ ನಂಜನಗೂಡಿಗೆ ವರ್ಗವಾಯಿತು. ಮಕ್ಕಳ ಪ್ರೋಗ್ರಾಂಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿಕೊಂಡು ಬಂದೆ. ಈಗ ನಡೆದುಕೊಂಡೇ ಶಾಲೆಗೆ ಹೋಗುತ್ತೇನೆ. ಆದರೂ ಸಂಜೆ ಐದು ಗಂಟೆಯಾದರೆ ಎದ್ದು ಚೀಲ ಹುಡುಕುತ್ತೇನೆ.

ಕಳೆದ ತಿಂಗಳು ಇಲ್ಲಿಯ ಮಕ್ಕಳಿಗೆ ಮಾದರಿ ತೋರಿಸಲು ಆ ಹುಳದ ಪ್ರೋಗ್ರಾಂ ತೆರೆದೆ. ಬಿಸ್ಕತ್ ಪೊಟ್ಟಣದ ಚರಚರ ಕೇಳಿದ್ದೇ, ಆ ಕೋಣೆಯ ಸೀಮೆಸುಣ್ಣದ ವಾಸನೆಯೂ ಬಂದಂತಾಯಿತು. ಹುಳ ತಿಂದಿತು, ನಿಂತಿತು.

“ಮಿಸ್, ಹ್ಯಾಂಗ್ ಆಯ್ತು,” ಎಂದರು ಮಕ್ಕಳು.

“ಇಲ್ಲ, ಕಾಯಿರಿ,” ಎಂದೆ. ಕಾದೆವು. ಬಹಳ ಹೊತ್ತು ಕಾದಂತೆ ಅನಿಸಿತು. ಬ್ಲಾಕುಗಳನ್ನು ತೆರೆದೆ. ‘ಕಾಯಿ’ ಎಂಬ ಪಟ್ಟಿಯ ಪಕ್ಕದಲ್ಲಿ ಹಳದಿ ಚೀಟಿಯೊಂದು ಅಂಟಿಕೊಂಡಿತ್ತು. ಪ್ರೋಗ್ರಾಂ ಮಾಡುವವರು ಗುರುತಿಗೆ ಬರೆದುಕೊಳ್ಳಲೆಂದು ಅಂಥ ಚೀಟಿಗಳು ಇರುತ್ತವೆ. ಅದರಲ್ಲಿ ಅವಳು ಕಷ್ಟಪಟ್ಟು ಕನ್ನಡದಲ್ಲಿ ಟೈಪು ಮಾಡಿದ್ದಳು: ‘ಮಿಸ್, ಇದು ಕೆಟ್ಟಿಲ್ಲ. ಜ್ವರಕ್ಕೆ ಕೂತಿದೆ. ತೆಗೆಯಬೇಡಿ.’

ಅವತ್ತು ನಾನು ತೆಗೆದು ಹಾಕಿದ್ದು ಹತ್ತು ಸೆಕೆಂಡಿನ ಪಟ್ಟಿ. ಅವಳು ಮತ್ತೆ ಹಾಕಿದ್ದರಲ್ಲಿ ಇಪ್ಪತ್ತು ಎಂದಿತ್ತು.