ಶತ್ರುವಿನ ಪೇಟೆಂಟಿಗೆ ಸಲಾಮು

ಜರ್ಮನಿಯವನು ನಮ್ಮ ಶತ್ರು. ಸರಿ, ಒಪ್ಪಿದೆ. ಆದರೆ ಅವನ ಪೇಟೆಂಟಿಗೆ ಮಾತ್ರ ನಾವು ಕೈಮುಗಿಯಬೇಕಂತೆ! ಹೋದ ವಾರ ಮುಳಬಾಗಿಲಿನಲ್ಲಿ ನನಗಾದ ಜ್ಞಾನೋದಯವಿದು.

ಬೈರಕೂರಿನ ನನ್ನ ತರಕಾರಿ ತೋಟದ ಬಾವಿಗೆ ಜರ್ಮನ್ ಆಯಿಲ್ ಎಂಜಿನ್ ಹಾಕಿಸಿದ್ದೇನೆ. (ಯುದ್ಧಕ್ಕೆ ಮುಂಚೆ ಕೊಂಡದ್ದು. ದೇಶದ್ರೋಹಿ ಅನ್ನಬೇಡಿ.) ಈಚೆಗೆ ಅದರ ಎಣ್ಣೆ ಚಿಮ್ಮಿಸುವ ನಾಜಲ್ ಕೆಟ್ಟಿತು. ಬೆಂಗಳೂರಿನ ಅಂಗಡಿಯಲ್ಲಿ, "ಹಡಗು ಬಂದ್ರೆ ನೋಡೋಣ" ಎಂದರು. ಬದನೆ ಗಿಡಗಳು ಹಡಗಿಗಾಗಿ ಕಾಯುತ್ತವೆಯೇ?

ಮುಳಬಾಗಿಲು ಪೇಟೆಯಲ್ಲಿ ಬೀಗ, ಗ್ಯಾಸ್‌ಲೈಟು ರಿಪೇರಿ ಮಾಡುವ ಗೌಸ್ ಸಾಬರ ಬಳಿಗೆ ಹೋದೆ. ಎರಡು ದಿನದಲ್ಲಿ ಹಿತ್ತಾಳೆಯ ಹೊಸ ನಾಜಲ್ ಕಡೆದು ಕೊಟ್ಟರು. ಎಣ್ಣೆ ಒಳಗೆ ಹೋಗುವ ಕಡೆ ಪುಟ್ಟ ತಂತಿ ಜಾಲರಿಯನ್ನೂ ಕೂರಿಸಿದ್ದರು.

"ಈಗಿನ ಎಣ್ಣೇಲಿ ಬರೀ ಕಸ ಸಾಮಿ. ಜರ್ಮನಿಯವ್ನಿಗೆ ಅದೇನ್ ಗೊತ್ತು?"

ಎಂಜಿನ್ ಮೊದಲಿಗಿಂತ ಚೆನ್ನಾಗಿ ಓಡಿತು. ಸುದ್ದಿ ಹಬ್ಬಿ, ಸುತ್ತಲಿನ ತೋಟದವರೆಲ್ಲ ಸಾಬರನ್ನು ಹುಡುಕಿಕೊಂಡು ಬಂದರು. ಅವರ ಹಿಂದೆಯೇ ಬಂದ, ಇಂಗ್ಲಿಷ್ ಕಂಪನಿಯೊಂದರ ಏಜೆಂಟ್. ತಲೆಯ ಮೇಲೆ ಹ್ಯಾಟು, ಕೈಯಲ್ಲಿ ಕಾಗದ. ನಾನೂ ಆಗ ಅಂಗಡಿಯಲ್ಲಿದ್ದೆ.

"ಏನಯ್ಯಾ, ಇದನ್ನ ಮಾಡೋಕೆ ನಿನಗ್ಯಾರು ಹೇಳಿದ್ದು? ಪೇಟೆಂಟ್ ಇದೆ."

"ಅದು ಜರ್ಮನಿಯವರದಲ್ವೇನ್ರೀ?" ಎಂದೆ ನಾನು.

"ಶತ್ರುವಿನ ಪೇಟೆಂಟ್ ಸ್ವಾಮಿ. ಸರ್ಕಾರ ಈಗ ನಮ್ಮ ಕಂಪನಿಗೆ ಲೈಸೆನ್ಸ್ ಕೊಟ್ಟಿದೆ."

"ಹಾಗಾದ್ರೆ ನಾಜಲ್ ನೀವೇ ಕೊಡಿ."

"ಯುದ್ಧ ಮುಗಿದ್ಮೇಲೆ."

ನೋಡಿದಿರಾ? ತಾವೂ ಮಾಡುವುದಿಲ್ಲ, ಮಾಡುವವನನ್ನೂ ಬಿಡುವುದಿಲ್ಲ. ದೊಡ್ಡ ದೇಶಗಳು ಒಂದರ ಬುದ್ಧಿಯನ್ನು ಇನ್ನೊಂದು ಕಿತ್ತುಕೊಂಡರೆ ರಾಜನೀತಿ. ಗೌಸ್ ಸಾಬರು ಹಿತ್ತಾಳೆ ಕಡೆದರೆ ಅಪರಾಧ! ಬಾಂಬು ಹಾಕುವವರಿಗೆ ಇಷ್ಟೊಂದು ಕಾನೂನು ನಿಷ್ಠೆ ಎಲ್ಲಿಂದ ಬಂತೋ?

ಏಜೆಂಟ್ ಕೋರ್ಟಿನ ಹೆಸರೆತ್ತಿದ್ದೇ ತಡ, ಸಾಬರು ಕೈಮುಗಿದರು. "ಬೇಡ ಸಾಮಿ, ಮಕ್ಕಳೊಂದಿಗ ನಾನು" ಎನ್ನುತ್ತಾ, ಇನ್ನು ಮಾಡುವುದಿಲ್ಲವೆಂದು ಕಾಗದಕ್ಕೆ ಸಹಿ ಹಾಕಿದರು. ಅರ್ಧ ಕಡೆದಿಟ್ಟಿದ್ದ ನಾಜಲ್‌ಗಳನ್ನು ತಾವೇ ಗುಜರಿ ಡಬ್ಬಕ್ಕೆ ಸುರಿದರು. ನನಗೆ ತಲೆಯೆತ್ತಿ ನೋಡಲಾಗಲಿಲ್ಲ. ಅವರ ಕೈಗೆ ಈ ಕೆಲಸ ಹಚ್ಚಿದವನು ನಾನೇ ತಾನೆ?

ಏಜೆಂಟ್ ಹೊರಡುವಾಗ ಸಿದ್ಧವಾಗಿದ್ದ ನಾಜಲ್ ಒಂದನ್ನು ಬೆಳಕಿಗೆ ಹಿಡಿದ. "ಈ ಜಾಲರಿ ಐಡಿಯಾ ಚೆನ್ನಾಗಿದೆಯಲ್ಲಾ! ಕಂಪನಿಗೆ ಕಳಿಸ್ತೀನಿ" ಎಂದು ಜೇಬಿಗಿಳಿಸಿದ.

"ಅದು ಸಾಬರದು ಕಣ್ರೀ!" ಎಂದು ನಾನು ಕೂಗಿಯೇಬಿಟ್ಟೆ.

"ಪೇಟೆಂಟಿಗೆ ಅರ್ಜಿ ಹಾಕಿದ್ದಾರೇನು?" ಎಂದು ನಕ್ಕು ನಡೆದ.

ಕಳ್ಳನನ್ನು ಕಳ್ಳ ಎನ್ನುವುದಕ್ಕೂ ಮೊದಲು ಅರ್ಜಿ ಹಾಕಿರಬೇಕಂತೆ.